ಹೆಪ್ಪಿನ ಜೊತೆಗೆ ಪಾಸ್‌ವರ್ಡ್

ರಾಜ್ಯ ಒಡೆದು ಬದಲಾಯಿತು, ಆಮೇಲೆ ತೆಲುಗು ನಾಡಿನ ಗಡಿಯಲ್ಲಿರುವ ನಮ್ಮ ಮಕ್ತಲ್‌ನ ಜಿಲ್ಲೆಯೂ ಬದಲಾಯಿತು. ನಮ್ಮ ಮನೆಯ ವೈಫೈ ಪಾಸ್‌ವರ್ಡ್ ಮಾತ್ರ ಬದಲಾಗಿರಲಿಲ್ಲ. ಅದನ್ನು ಕಾಯುತ್ತಿದ್ದವಳು ಅವ್ವ. ಕಾಯುತ್ತಿದ್ದಳು ಎಂದರೆ, ಮೊಸರಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದವರಿಗೆಲ್ಲ ಹೆಪ್ಪಿನ ಜೊತೆಗೆ ಅದನ್ನೂ ಕೊಡುತ್ತಿದ್ದಳು. ಗದ್ವಾಲದ ಬಸ್ಸಿಗೆ ಕಾಯುತ್ತ ನಮ್ಮ ಕಟ್ಟೆಯ ಮೇಲೆ ಕುಳಿತವರಿಗೂ ಕೊಟ್ಟಿದ್ದಳು.

“ಕೇಳಿದವ್ರಿಗೆ ಇಲ್ಲ ಅನ್ನಬಾರ್ದಪ್ಪ. ಕೊಟ್ರ ಸವದು ಹೋಗ್ತೈತೇನು?” ಎನ್ನುತ್ತಿದ್ದಳು.

ಸವೆಯುತ್ತಿತ್ತು. ಮನೆಯ ಟಿವಿ, ನಾಲ್ಕು ಫೋನು ಸಾಲದೆಂದು ಇಡೀ ಓಣಿ ಅದಕ್ಕೇ ಜೋತುಬಿದ್ದಿತ್ತು.

ಅಂಥದರಲ್ಲಿ ರಾಯಚೂರಿನಲ್ಲಿ ನನ್ನ ತಮ್ಮನ ಮಗಳ ತೊಟ್ಟಿಲ ಕಾರ್ಯ ಬಂತು. ಅವ್ವನಿಗೆ ಮೊದಲ ಮೊಮ್ಮಗಳು. ಅವಳೋ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು. ನಾನು ಅವಳ ಆರೈಕೆಗೆ ಉಳಿದೆ. ಹೆಸರು ಕರೆಯುವುದನ್ನು ಫೋನಿನಲ್ಲಾದರೂ ನೋಡಬೇಕೆಂದು ಅವ್ವ ಬೆಳಿಗ್ಗೆಯೇ ನಾರಾಯಣಪೇಟೆ ಸೀರೆ ಉಟ್ಟು ಕುಳಿತಳು.

ನಾನು ಮನೆಮನೆಗೆ ಹೋಗಿ, “ಅರ್ಧ ತಾಸು ವೈಫೈ ಬಂದ್ ಇಡ್ರಿ, ಅವ್ವ ತೊಟ್ಟಿಲು ನೋಡಾಕ ಕುಂತಾಳ” ಎಂದು ಕೈಮುಗಿದು ಬಂದೆ.

“ತೊಟ್ಟಿಲೇನ್ರಿ? ನಮಗ ಹೇಳೇ ಇಲ್ಲಲ್ರಿ” ಎಂದು ಓಣಿಯ ಹೆಂಗಸರೆಲ್ಲ ಸಕ್ಕರೆ, ಕುಂಕುಮ ಹಿಡಿದು ನಮ್ಮ ಮನೆಗೇ ಬಂದರು. ಫೋನುಗಳೂ ಬಂದವು. ಇಷ್ಟು ದಿನ ಗೋಡೆಯಾಚೆಯಿಂದ ಎಳೆಯುತ್ತಿದ್ದವು, ಈಗ ವೈಫೈ ಡಬ್ಬಿಯ ಬುಡದಲ್ಲೇ ಕುಳಿತು ಎಳೆಯತೊಡಗಿದವು. ಸೀರೆ ಉಟ್ಟ ಅವ್ವನ ವಿಡಿಯೊ ನಮ್ಮ ಸುತ್ತಿನ ಮದ್ದೂರು, ಧನ್ವಾಡದ ಅವರವರ ನೆಂಟರಿಗೆಲ್ಲ ಹೊರಟಿತ್ತು.

ಅತ್ತ ಸೋದರತ್ತೆಯಾದ ನನ್ನ ತಂಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದಳು. ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಹೆಂಗಸರು ಕೈ ಎತ್ತಿದರು. ಅಲ್ಲಿಗೆ ಚಿತ್ರ ನಿಂತಿತು. ಎತ್ತಿದ ಕೈ ಇಳಿಯಲೇ ಇಲ್ಲ. ಮತ್ತೆ ಚಿತ್ರ ಬಂದಾಗ ಎಲ್ಲರೂ ಗುಗ್ಗರಿ ತಿನ್ನುತ್ತಿದ್ದರು.

ಬಂದವರು ಹೋದ ಮೇಲೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಓಣಿಯ ಮೇಲೆ, ಅವಳ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ತಮ್ಮನಿಗೆ ಫೋನ್ ಹಚ್ಚಿ ಹೆಸರು ಕೇಳಿ ಅವ್ವನ ಕಿವಿಯಲ್ಲಿ ಹೇಳಿದೆ. ಅದನ್ನೇ ಹೊಸ ಪಾಸ್‌ವರ್ಡ್ ಮಾಡಿ ಅವಳಿಗೂ ತಿಳಿಸಿದೆ. ಮೊಮ್ಮಗಳ ಹೆಸರನ್ನಾದರೂ ಜೋಪಾನ ಮಾಡಿಯಾಳು ಎಂದುಕೊಂಡೆ.

ಸಂಜೆ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದು, “ಕೂಸಿಗೆ ಏನು ಹೆಸ್ರಿಟ್ರಿ, ಅಮ್ಮಾ?” ಎಂದಳು.

ಅವ್ವ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಬಾಯಿತುಂಬ ಹೆಸರು ಹೇಳಿದಳು, ಎರಡು ಸಲ. ನಾನು ಮೊಸರಿನ ಗಡಿಗೆ ತಂದು ಅವಳ ಮಂಚದ ಬಳಿ ಇಟ್ಟೆ.

ಹೆಪ್ಪು ಹಾಕುತ್ತ ಅವಳೇ ಹೆಮ್ಮೆಯಿಂದ ಸೇರಿಸಿದಳು: “ನನ್ನ ಮಗ ವೈಫೈಗೂ ಅದ ಹೆಸ್ರು ಇಟ್ಟಾನ.”