ಅಕ್ಕನಿಗೆ ಓದಿದ ಸ್ಕ್ರಿಪ್ಟ್

ಆ ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಹೆಸರು ತೆಗೆದಿಟ್ಟು ಬೇರೆ ಹೆಸರು ಕೊಟ್ಟರು. ಅಮೆರಿಕದವರಿಗೆ ನನ್ನ ಹೆಸರು ಹೇಳಲು ನಾಲಿಗೆ ತಿರುಗುವುದಿಲ್ಲವಂತೆ. ಎರಡಕ್ಷರದ ಇಂಗ್ಲಿಷ್ ಹೆಸರು, ಯಾವುದೋ ನಾಯಿಮರಿಗೆ ಇಡುವಂಥದ್ದು. ಹೆಡ್‌ಸೆಟ್ ಹಾಕಿಕೊಂಡರೆ ನಾನು ಅವಳು, ತೆಗೆದರೆ ನಾನು. ಕ್ರಮೇಣ ಅದು ಅಭ್ಯಾಸವಾಯಿತು. ಹೊಟ್ಟೆಪಾಡು, ಇನ್ನೇನು ಮಾಡುವುದು?

ಆಗ ನಾವು ಸಿಡ್ನಿಯ ಲಿವರ್‌ಪೂಲ್‌ನಲ್ಲಿ, ಆಸ್ಪತ್ರೆಯ ಹಿಂದಿನ ಬೀದಿಯ ಒಂದು ಬಾಡಿಗೆ ಫ್ಲಾಟಿನಲ್ಲಿದ್ದೆವು. ಗಂಡ ಬೆಂಗಳೂರಿನ ಒಳ್ಳೆಯ ಕೆಲಸ ಬಿಟ್ಟು ಮಾಸ್ಟರ್ಸ್ ಓದಲು ಬಂದಿದ್ದ. ಓದು ಮುಗಿದ ಮೇಲೆ ಪಿಆರ್‌ಗೆ ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ ಅರ್ಜಿ ಹಾಕುವುದು ನಮ್ಮ ಯೋಜನೆ. ಅಲ್ಲಿಯವರೆಗೆ ರೆಂಟ್, ಅವನ ಫೀಸು, ಬೇಳೆ, ಅಕ್ಕಿ ಎಲ್ಲವೂ ನನ್ನ ಸಂಬಳದಲ್ಲೇ ಆಗಬೇಕು. ನಾನಿದ್ದ ಕಾಲ್ ಸೆಂಟರ್ ಬೇರೆ ಬೇರೆ ಕಂಪನಿಗಳ ಪರವಾಗಿ ಫೋನ್ ಎತ್ತುತ್ತಿತ್ತು. ಅಮೆರಿಕದ ಸಂಜೆ ಎಂದರೆ ನಮಗೆ ಬೆಳಗ್ಗೆ, ಹೀಗಾಗಿ ರಾತ್ರಿ ಪಾಳಿಯ ಹೆಚ್ಚುವರಿ ಸಂಬಳ ಕೊಡದೆಯೇ ಅಲ್ಲಿಯ ಗಿರಾಕಿಗಳನ್ನು ಸಂಭಾಳಿಸಬಹುದು ಎಂದು ಯಾರೋ ಬುದ್ಧಿವಂತರು ಲೆಕ್ಕ ಹಾಕಿದ್ದರು. ನನ್ನನ್ನು ಕೂರಿಸಿದ್ದು ಒಂದು ಇಂಟರ್ನೆಟ್ ವ್ಯಾಲೆಟ್ ಕಂಪನಿಯ ಸಾಲಿನಲ್ಲಿ. ಊರಿಗೆ ಮಾತ್ರ "ಬ್ಯಾಂಕ್ ಥರದ್ದು, ಕಸ್ಟಮರ್ ಸರ್ವಿಸ್" ಎಂದಿದ್ದೆ. ಕಂಪನಿಯ ಹೆಸರನ್ನು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿ ಕೊಟ್ಟಿದ್ದೆ.

ಬ್ಯಾಂಕ್ ಥರದ್ದು ಎಂಬುದು ಅರ್ಧ ಸತ್ಯ. ನಮ್ಮ ಗಿರಾಕಿಗಳಲ್ಲಿ ಬಹಳಷ್ಟು ಮಂದಿ ಕಂಪ್ಯೂಟರಿನಲ್ಲಿ ದುಡ್ಡಿಟ್ಟು ಪೋಕರ್ ಆಡುವವರು. ಅಮೆರಿಕದ ಬ್ಯಾಂಕುಗಳು ಪೋಕರ್ ಸೈಟಿಗೆ ನೇರವಾಗಿ ಹಣ ಕಳಿಸಲು ಒಪ್ಪುತ್ತಿರಲಿಲ್ಲ. ಅದಕ್ಕೆ ಜನ ಬ್ಯಾಂಕಿನಿಂದ ನಮ್ಮ ವ್ಯಾಲೆಟ್‌ಗೆ, ವ್ಯಾಲೆಟ್‌ನಿಂದ ಸೈಟಿಗೆ ಹಾಕುತ್ತಿದ್ದರು. ಗೆದ್ದರೆ ಅದೇ ದಾರಿಯಲ್ಲಿ ವಾಪಸ್ಸು. ಪೋಕರ್ ಆಡುವುದು ಅಪರಾಧವೋ ಅಲ್ಲವೋ ಎಂಬುದರಲ್ಲಿ ಆ ದೇಶದ ವಕೀಲರಲ್ಲೇ ಒಮ್ಮತವಿರಲಿಲ್ಲ. "ನನ್ನನ್ನ ಅರೆಸ್ಟ್ ಮಾಡ್ತಾರಾ?" ಎಂದು ನನ್ನನ್ನು ಕೇಳಿದವರುಂಟು. ಲಿವರ್‌ಪೂಲ್‌ನಲ್ಲಿ ಬಸ್ಸಿಗೆ ಕಾಯುವ ಮೈಸೂರಿನವಳಿಗೆ ಅದೇನು ಗೊತ್ತು! ಕಂಪನಿ ಬರೆದುಕೊಟ್ಟ ಸ್ಕ್ರಿಪ್ಟ್ ನೋಡಿ ಉತ್ತರ ಓದುತ್ತಿದ್ದೆ. ಎರಡು ಸಾವಿರದ ಆರರ ಕೊನೆಗೆ ಅಲ್ಲಿ ಹೊಸ ಕಾನೂನು ಬಂತು. ಅದು ಆಡುವವರ ತಂಟೆಗೆ ಹೋಗಲಿಲ್ಲ, ಅವರ ದುಡ್ಡು ಸಾಗಿಸುವವರನ್ನು ಹಿಡಿಯಿತು. ಅಂದರೆ ನಮ್ಮಂಥವರನ್ನು.

ಅದೇ ನವೆಂಬರಿನಲ್ಲಿ ಒಂದು ದಿನ, ದಾಖಲೆ ಸರಿಯಿಲ್ಲದ ಗಿರಾಕಿಗಳಿಗೆ ಫೋನ್ ಮಾಡುವ ಪಟ್ಟಿಯಲ್ಲಿ ಭಾವನ ಹೆಸರು ಬಂತು. ಭಾವ ಎಂದರೆ ನನ್ನ ಅಕ್ಕನ ಗಂಡ. ಟೆಕ್ಸಸ್ಸಿನ ವಿಳಾಸ, ಹುಟ್ಟಿದ ತಾರೀಖು ಎಲ್ಲ ಅವರದೇ. ಪರದೆಯ ಮೇಲೆ ದೊಡ್ಡ ಮೊತ್ತವಿತ್ತು. ಭಾವ ಆಡುತ್ತಾರೆಂದು ಅಕ್ಕ ತಮಾಷೆಯಾಗಿ ಹೇಳಿದ್ದಳು. ಇಸ್ಪೀಟು, ಶನಿವಾರ ನಾಲ್ಕು ಜನ ಗೆಳೆಯರ ಜೊತೆ, ಅಷ್ಟೇ ಅಂತ. ಆ ಕರೆಯನ್ನು ಪಕ್ಕದ ಹುಡುಗಿಗೆ ದಾಟಿಸಿ, ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅಕ್ಕನ ವಿಷಯ ಹೇಳಬೇಕು. ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಒಂಬತ್ತು. ನನಗೆ ಜಡೆ ಹೆಣೆದು ಸ್ಕೂಲಿಗೆ ಕಳಿಸಿದವಳು ಅವಳು. ಸಕ್ಕರೆ ಕದ್ದು ತಿಂದಾಗ ತಲೆಗೆ ಮೊಟಕಿದವಳೂ ಅವಳೇ. ನನ್ನ ಡಿಗ್ರಿ ಮುಗಿಯುವವರೆಗೆ ಮದುವೆಯ ಮಾತೇ ಎತ್ತಬೇಡಿ ಎಂದು ಅಪ್ಪನಿಗೆ ಹೇಳಿ ಕೂತಳು. ಹಾಗೆ ಕೂತವಳಿಗೆ ಮದುವೆಯಾಗುವಾಗ ಮೂವತ್ತೆರಡು. ಮಕ್ಕಳಾಗಲಿಲ್ಲ. ಅಮೆರಿಕದ ಕ್ಲಿನಿಕ್ಕಿನಲ್ಲಿ ಎರಡು ಸಲ ಐವಿಎಫ್ ಮಾಡಿಸಿದ್ದಳು, ಎರಡೂ ನಿಲ್ಲಲಿಲ್ಲ. ಇನ್ಶೂರೆನ್ಸ್‌ನವರು ಒಂದು ಕಾಸೂ ಕೊಡಲಿಲ್ಲ. ಮೂರನೆಯದಕ್ಕೆಂದು ಇಂಡಿಯನ್ ಅಂಗಡಿಯೊಂದರ ಗಲ್ಲಾದಲ್ಲಿ ಮೂರು ವರ್ಷ ನಿಂತು ದುಡಿದಳು. ನಲವತ್ತಮೂರು ತುಂಬಿದರೆ ಅವಳ ಅಂಡಾಣುವಿನಿಂದ ಪ್ರಯತ್ನ ಮಾಡುವುದಿಲ್ಲ ಎಂದು ಕ್ಲಿನಿಕ್ಕಿನವರು ಮೊದಲೇ ಹೇಳಿದ್ದರು. ಮುಂದಿನ ಮೇ ತಿಂಗಳಿಗೆ ಅವಳಿಗೆ ನಲವತ್ತಮೂರು.

"ಫೆಬ್ರವರಿಗೆ ಡೇಟ್ ಕೊಟ್ಟಿದಾರೆ ಕಣೇ," ಎಂದಳು ಡಿಸೆಂಬರಿನ ಒಂದು ಭಾನುವಾರ. "ಇದೇ ಲಾಸ್ಟು. ದುಡ್ಡೂ ರೆಡಿ ಇದೆ. ನಿಮ್ಮ ಭಾವ ಎಲ್ಲೋ ಆನ್‌ಲೈನ್ ಅಕೌಂಟಲ್ಲಿ ಹಾಕಿಟ್ಟಿದಾರೆ. ಯಾವಾಗ ಬೇಕಾದ್ರೂ ತೆಗೀಬಹುದಂತೆ."

ಎಲ್ಲಿ ಹಾಕಿಟ್ಟಿದ್ದಾರೆಂದು ನನಗೆ ಗೊತ್ತಿತ್ತು. "ಒಳ್ಳೇದಾಯ್ತಲ್ಲಕ್ಕ," ಎಂದೆ.

ಜನವರಿಯ ಒಂದು ಶುಕ್ರವಾರ ಮ್ಯಾನೇಜರು ನಮ್ಮ ಸಾಲಿನವರನ್ನೆಲ್ಲ ಕೋಣೆಗೆ ಕರೆದು ಹೊಸ ಸ್ಕ್ರಿಪ್ಟ್ ಹಂಚಿದರು. ಮಂಗಳವಾರದಿಂದ ಅಮೆರಿಕದ ಗಿರಾಕಿಗಳಿಗೆ ವ್ಯಾಲೆಟ್ ಬಂದ್. ಹಾಕುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಅಲ್ಲಿಯ ಸರ್ಕಾರದ ವಕೀಲರು ಕೈ ಹಾಕಿದ್ದಾರೆ, ಯಾವಾಗ ಬಿಡುಗಡೆಯೆಂದು ಯಾರಿಗೂ ತಿಳಿಯದು. ವಿಷಯ ಮೊದಲೇ ಹೊರಗೆ ಹೋದರೆ ಕೆಲಸ ಹೋಗುತ್ತದೆ, ಪೊಲೀಸರೂ ಬರಬಹುದು ಎಂದರು. ಹಿಂದಿನ ತಿಂಗಳು ಗಿರಾಕಿಯೊಬ್ಬನಿಗೆ ಏನೋ ಬಾಯಿಬಿಟ್ಟವಳನ್ನು ಸೆಕ್ಯುರಿಟಿಯವನು ತೋಳು ಹಿಡಿಯುವುದೊಂದು ಬಾಕಿ, ಹಾಗೆ ಲಿಫ್ಟಿನವರೆಗೆ ಬಿಟ್ಟು ಬಂದಿದ್ದ. ನಾವೆಲ್ಲ ಇನ್ನೊಂದು ಕಾಗದಕ್ಕೆ ಸಹಿ ಹಾಕಿದೆವು.

ಶುಕ್ರವಾರದಿಂದ ಮಂಗಳವಾರದವರೆಗೆ ನನಗೆ ನಾಲ್ಕು ದಿನವಿತ್ತು. ಒಂದು ಮಾತು ಸಾಕಿತ್ತು. ಅಕ್ಕ, ಆ ದುಡ್ಡನ್ನ ಇವತ್ತೇ ತೆಗೆಸು, ಯಾಕೆ ಅಂತ ಕೇಳಬೇಡ. ಇಷ್ಟೇ.

ಗಂಡನಿಗೆ ಹೇಳಿದೆ. ಅವನು ಪುಸ್ತಕ ಮುಚ್ಚಿದ. "ಪಿಆರ್‌ಗೆ ಪೊಲೀಸ್ ಸರ್ಟಿಫಿಕೇಟ್ ಬೇಕು," ಎಂದ. "ಅಮೆರಿಕದ ಕೇಸಲ್ಲಿ ನಿನ್ನ ಹೆಸರು ಬಂದ್ರೆ ಕಥೆ ಮುಗೀತು. ಆಮೇಲೆ ನಿನ್ನಿಷ್ಟ." ನನ್ನಿಷ್ಟವಂತೆ. ಅವನ ಮೇಲೆ ಉರಿದು ಬಿದ್ದೆ. ಈಗ ನೆನೆದರೆ ಅವನೇನೂ ನನ್ನ ಬಾಯಿ ಹೊಲಿಯಲಿಲ್ಲ. ಆ ಕೆಲಸ ಮಾಡಿದವಳು ನಾನೇ.

ಭಾನುವಾರ ಎಂದಿನಂತೆ ಫೋನ್ ಕಾರ್ಡ್ ಕೆರೆದು ಅಕ್ಕನಿಗೆ ಮಾಡಿದೆ. ಅವಳು ಕ್ಲಿನಿಕ್ಕಿನ ಔಷಧಿ ಪಟ್ಟಿ ಓದಿ ಹೇಳಿದಳು. ಇಂಜೆಕ್ಷನ್ನು ಫ್ರಿಜ್ಜಿನಲ್ಲಿ ಇಡಬೇಕಂತೆ, ಮೊಸರಿನ ಪಾತ್ರೆಗೆ ಜಾಗವಿಲ್ಲವಂತೆ. ನಗುತ್ತಿದ್ದಳು. ಆಮೇಲೆ ನಗು ನಿಲ್ಲಿಸಿ, "ಯಾಕೆ ಒಂಥರಾ ಇದೀಯ? ಏನಾದ್ರೂ ಹೇಳ್ಬೇಕಾ?" ಎಂದಳು. ನಾನು ಮೂಗು ಎಳೆದು, "ಏನಿಲ್ಲಕ್ಕ, ಶೀತ," ಎಂದೆ. ಚಿಕ್ಕಂದಿನಿಂದಲೂ ಸುಳ್ಳು ಹೇಳುವ ಮುಂಚೆ ಮೂಗು ಎಳೆಯುವುದು ನನ್ನ ಚಾಳಿ. ಸಕ್ಕರೆ ಡಬ್ಬಿಯ ವಿಷಯದಲ್ಲಿ ಅದರಿಂದಲೇ ಸಿಕ್ಕಿಬೀಳುತ್ತಿದ್ದೆ. ಜನವರಿಯ ಸಿಡ್ನಿಯಲ್ಲಿ ಧಗೆಗೆ ಜೀವ ಹೋಗುತ್ತಿತ್ತು, ಯಾವ ಶೀತ! ಅವಳು ಮೆಣಸಿನ ಕಷಾಯ ಕುಡಿ ಎಂದು ಹೇಳಿ ಫೋನಿಟ್ಟಳು.

ಮಂಗಳವಾರ ಎಲ್ಲ ಮುಚ್ಚಿತು. ಮುಂದಿನ ಎರಡು ವಾರ ನಾವು ಬೈಗುಳ ತಿಂದದ್ದು ಅಷ್ಟಿಷ್ಟಲ್ಲ. ಒಬ್ಬನಿಗೆ ಮನೆ ಬಾಡಿಗೆಯಂತೆ, ಇನ್ನೊಬ್ಬನಿಗೆ ಅದೇ ಕಸುಬಂತೆ. ಒಬ್ಬ ಮುದುಕ ಅತ್ತ. ಎಲ್ಲರಿಗೂ ಒಂದೇ ಸ್ಕ್ರಿಪ್ಟ್. ನಿಮ್ಮ ಹಣ ಸುರಕ್ಷಿತವಾಗಿದೆ, ಯಾವಾಗ ಸಿಗುತ್ತದೆಂದು ಸದ್ಯಕ್ಕೆ ಹೇಳಲಾಗದು, ತೊಂದರೆಗೆ ವಿಷಾದಿಸುತ್ತೇವೆ.

ಮೂರನೇ ವಾರ ಬೆಳಗ್ಗೆ ಹತ್ತರ ಹೊತ್ತಿಗೆ ಬಂದ ಕರೆಯಲ್ಲಿ ಭಾವನ ಖಾತೆ ನಂಬರು ಹೇಳಿದ್ದು ಹೆಂಗಸಿನ ದನಿ. ಇಂಗ್ಲಿಷನ್ನು ನಿಧಾನವಾಗಿ, ಪ್ರತಿಯೊಂದು ಪದವನ್ನೂ ಬಿಡಿಸಿ ಆಡುವ ದನಿ. ನನಗೆ ಇಂಗ್ಲಿಷ್ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ ದನಿ.

ಕಾಲ್ ರೆಕಾರ್ಡ್ ಆಗುತ್ತಿತ್ತು. ಬೆನ್ನ ಹಿಂದೆ ಮ್ಯಾನೇಜರು ಓಡಾಡುತ್ತಿದ್ದರು. ನಾನು ಆ ಎರಡಕ್ಷರದ ಹೆಸರು ಹೇಳಿದೆ. ಕಲಿಸಿಕೊಟ್ಟ ರಾಗದಲ್ಲಿ, ಮೂಗಿನಲ್ಲಿ ಮಾತಾಡಿದೆ.

ಅವಳು ಎಲ್ಲ ಹೇಳಿದಳು. ಯಾರೋ ಗುರುತಿಲ್ಲದ ಹುಡುಗಿಗೆ ಹೇಳಬಾರದ್ದನ್ನೂ ಹೇಳಿದಳು. ಇದು ಆಟದ ದುಡ್ಡಲ್ಲ, ನನ್ನ ಸಂಬಳ ಎಂದಳು. ಗಂಡನಿಗೆ ನಾಚಿಕೆ, ಅದಕ್ಕೆ ನಾನು ಫೋನ್ ಮಾಡಿದ್ದೇನೆ ಎಂದಳು. ಕ್ಲಿನಿಕ್ಕಿನ ಡೇಟು, ಮೇ ತಿಂಗಳು, ನಲವತ್ತಮೂರು. ಅರ್ಧವಾದರೂ ಬಿಡಿ, ಉಳಿದದ್ದು ನೀವೇ ಇಟ್ಟುಕೊಳ್ಳಿ ಎಂದಳು. ನನ್ನ ಸ್ವಾಭಿಮಾನಿ ಅಕ್ಕ! ಅಂಗಡಿಯಲ್ಲಿ ನಾಲ್ಕಾಣೆ ಚೌಕಾಸಿ ಮಾಡಲೂ ನಾಚುತ್ತಿದ್ದವಳು, "ಪ್ಲೀಸ್, ಮ್ಯಾಡಮ್" ಎಂದಳು ನನಗೆ.

ಖಾತೆದಾರರಲ್ಲದವರೊಂದಿಗೆ ವಿವರ ಚರ್ಚಿಸುವಂತಿಲ್ಲ ಎಂದು ಓದಿದೆ. ಹಣ ಸುರಕ್ಷಿತವಾಗಿದೆ ಎಂದು ಓದಿದೆ. "ಹೀಗೆ ಬಂದ್ ಆಗುತ್ತೆ ಅಂತ ನಿಮಗೆ ಗೊತ್ತಿತ್ತಾ? ಮೊದಲೇ ಹೇಳಬಹುದಿತ್ತಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅದಕ್ಕೂ ಸ್ಕ್ರಿಪ್ಟಿನಲ್ಲಿ ಉತ್ತರವಿತ್ತು. ನಮಗೂ ಮುಂಚಿತವಾಗಿ ತಿಳಿದಿರಲಿಲ್ಲ. ಮೂಗು ಎಳೆದುಕೊಂಡು ಅದನ್ನೂ ಓದಿದೆ. ಆ ಕಡೆ ಉಸಿರು ನಿಂತಂತಾಯಿತು. ಆಮೇಲೆ ಬಹಳ ಮೆತ್ತಗೆ "ಓಕೆ" ಎಂದಳು. ಕಾಲ್ ಕಟ್ಟಾಯಿತು. ಮುಂದಿನ ಕಾಲ್ ಬಂತು, ಎತ್ತಿದೆ.

ಹಣ ಜುಲೈನಲ್ಲಿ ಬಿಡುಗಡೆಯಾಯಿತು. ಒಂದು ಸೆಂಟೂ ಕಡಿಮೆಯಿಲ್ಲದೆ ಭಾವನ ಬ್ಯಾಂಕಿಗೆ ಸೇರಿತು. ಸ್ಕ್ರಿಪ್ಟ್ ಸುಳ್ಳು ಹೇಳಿರಲಿಲ್ಲ, ಹಣ ಸುರಕ್ಷಿತವಾಗಿಯೇ ಇತ್ತು. ಸಾಲ ಮಾಡೋಣವೆಂದರೆ ಹಿಂದಿನ ಎರಡು ಸಲದ ಸಾಲವೇ ತೀರಿರಲಿಲ್ಲ, ಫೆಬ್ರವರಿ ಕೈಬಿಟ್ಟು ಹೋಗಿತ್ತು. ಮೇ ಕೂಡ ಕಳೆದಿತ್ತು. ಮೂರನೆಯ ಸಲ ಆಗಿಯೇಬಿಡುತ್ತಿತ್ತು ಎಂದು ಯಾವ ಡಾಕ್ಟರೂ ಹೇಳಲಾರರು. ಆಗುತ್ತಿರಲಿಲ್ಲ ಎಂದೂ ಯಾರೂ ಹೇಳಲಾರರು. ಅವಳು ತಂದಿಟ್ಟಿದ್ದ ಇಂಜೆಕ್ಷನ್ ತೆಗೆದು ಫ್ರಿಜ್ಜಿನಲ್ಲಿ ಮತ್ತೆ ಮೊಸರಿನ ಪಾತ್ರೆ ಇಟ್ಟಿರಬೇಕು. ನಾನು ಕೇಳಲಿಲ್ಲ. ಭಾನುವಾರದ ಫೋನು ಚಿಕ್ಕದಾಗುತ್ತ ಬಂತು. "ಕೆಲಸ ಹೇಗಿದೆ?" ಎಂದು ತಪ್ಪದೆ ಕೇಳುತ್ತಿದ್ದವಳು ಅದನ್ನು ಕೇಳುವುದು ಬಿಟ್ಟಳು. ದುಃಖದಲ್ಲಿದ್ದಾಳೆ, ಅದಕ್ಕೆ, ಎಂದುಕೊಂಡೆ.

ನಮಗೆ ಪಿಆರ್ ಬಂತು. ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಪಾಯಿಂಟ್ ಕುಕ್ ಬಡಾವಣೆಯಲ್ಲಿ ಬ್ಯಾಂಕ್ ಸಾಲದ ಮೇಲೆ ಮನೆ, ಮುಂದೆ ಎರಡು ಗುಲಾಬಿ ಗಿಡ. ನಾನು ಬಸುರಿಯಾದೆ, ಯಾವ ಕ್ಲಿನಿಕ್ಕೂ ಇಲ್ಲದೆ, ಅಷ್ಟು ಸುಲಭವಾಗಿ. ಅಕ್ಕನಿಗೆ ಹೇಳಲು ಮೂರು ಭಾನುವಾರ ಬೇಕಾಯಿತು. ಹೇಳಿದ ಮೇಲೆ ಅವಳು, "ಬಾಣಂತನಕ್ಕೆ ನಾನು ಬರ್ತೀನಿ. ಅಮ್ಮ ಇದ್ದಿದ್ರೆ ಬರ್ತಿರ್ಲಿಲ್ವಾ?" ಎಂದಳು. ಬೇಡ ಎನ್ನಲು ನನಗೆ ಯಾವ ಬಾಯಿತ್ತು?

ಬಂದಳು. ತಲೆ ಅರ್ಧ ಬೆಳ್ಳಗಾಗಿತ್ತು. ಸಾಂಬ್ರಾಣಿ ಹಾಕಿ ಸ್ಮೋಕ್ ಅಲಾರಂ ಅರಚಿಸಿದಳು, ಗಂಡ ಕುರ್ಚಿ ಹತ್ತಿ ಟವೆಲ್ ಬೀಸಿದ. ನನ್ನ ಬೆನ್ನಿಗೆ ಹರಳೆಣ್ಣೆ ತಿಕ್ಕಿದಳು, ಬೆಳ್ಳುಳ್ಳಿ ಹುರಿದು ತುಪ್ಪದನ್ನಕ್ಕೆ ಹಾಕಿ ಎದುರು ಕೂತು ತಿನ್ನಿಸಿದಳು. ಅವಳ ಕೈ ಮೈಮೇಲೆ ಬಿದ್ದಾಗಲೆಲ್ಲ ನನಗೆ ಸತ್ತುಹೋಗಬೇಕೆನ್ನಿಸುತ್ತಿತ್ತು. ಹೇಳಿಬಿಡಬೇಕೆಂದು ದಿನಾ ಬೆಳಗ್ಗೆ ಎದ್ದು, ಹೇಳದೆಯೇ ದಿನಾ ಮಲಗಿದೆ.

ಹನ್ನೊಂದನೆಯ ದಿನ ನಾಮಕರಣ. ಬೆಳಗ್ಗೆ ಅಕ್ಕ ಶವರಿನ ನೆಲದ ಮೇಲೆ ಮಣೆ ಹಾಕಿ ಕೂತು, ಕಾಲು ಚಾಚಿ, ಕಾಲಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಹೆಸರು ಯೋಚ್ನೆ ಮಾಡಿದ್ರಾ?" ಎಂದಳು.

"ಅತ್ತೆ ಒಂದು ಪಟ್ಟಿನೇ ಕಳ್ಸಿದಾರೆ. ನೀನೇ ಒಂದು ಆರಿಸಕ್ಕ."

ಅವಳು ಮಗುವನ್ನು ಹೊರಳಿಸಿ, ಕಣ್ಣಿಗೆ ನೀರು ಹೋಗದಂತೆ ಹಣೆಗೆ ಅಂಗೈ ಅಡ್ಡ ಹಿಡಿದಳು. ತಂಬಿಗೆಯಿಂದ ಒಂದೇ ಧಾರೆಯಾಗಿ ನೀರು ಬಿಟ್ಟಳು.

"ಯಾವುದಾದ್ರೂ ಇಡು," ಎಂದಳು. "ಫೋನಲ್ಲಿ ಇಟ್ಕೊಂಡಿದ್ಯಲ್ಲ, ಅದೊಂದು ಬೇಡ."

ಮಗು ಅಳತೊಡಗಿತು. ಅಕ್ಕ ನನ್ನ ಕಡೆ ನೋಡಲಿಲ್ಲ. "ಆಯ್ತು ಆಯ್ತು ಕಂದ, ಮುಗೀತು," ಎಂದು ಮಗುವಿನ ಬೆನ್ನು ಸವರಿದಳು. "ಅಕ್ಕ, ನನಗೆ ಮುಂಚೆ..." ಎಂದು ಶುರು ಮಾಡಿದೆ.

"ಮೂಗು ಎಳೀಬೇಡ," ಎಂದಳು. "ಮಗುಗೆ ಚಳಿಯಾಗುತ್ತೆ. ಟವೆಲ್ ಕೊಡು."

ಟವೆಲ್ ಕೊಟ್ಟೆ.