ಗರಿಟೋಪಿಯ ದೊರೆ

ನಮ್ಮ ದ್ವೀಪಕ್ಕೆ ಲಂಡನ್ನಿನಿಂದ ಬರುವ ಗವರ್ನರ್ ದೊರೆ ಯಾರೇ ಆಗಲಿ, ಬಿಳಿ ಗರಿಯ ಟೋಪಿ ತಲೆಯಿಂದ ಇಳಿಯುವುದಿಲ್ಲ. ಬಂದ ದಿನ ಬಂದರು ಕಟ್ಟಿಸುತ್ತೇನೆ ಎನ್ನುತ್ತಾನೆ. ಆಮೇಲೆ ಗುಲಾಬಿ ನೆಡುತ್ತಾನೆ, ಅದನ್ನು ನಮ್ಮ ಮೇಕೆಗಳು ತಿನ್ನುತ್ತವೆ. ಕೊನೆಗೆ ಕುಂಬಳಕಾಯಿ ಸ್ಪರ್ಧೆಗೆ ಬಹುಮಾನ ಕೊಟ್ಟು, ಅಳುತ್ತಾ ಹಡಗು ಹತ್ತುತ್ತಾನೆ. ದೋಣಿಯಿಂದ ದಡದ ಹಗ್ಗ ಹಿಡಿದು ಕಲ್ಲುಮೆಟ್ಟಿಲಿಗೆ ಕಾಲಿಡುವಾಗ ಮಾತ್ರ ದೋಣಿಗಾರನಾದ ನನ್ನ ಗಂಡ ಜೆತ್ರೋನೇ ದೊರೆ. "ಟೋಪಿ ಬಿಡ್ರೀ ಸ್ವಾಮಿ, ಹಗ್ಗ ಹಿಡೀರಿ!" ಎಂದು ಗದರುತ್ತಿದ್ದ. ಈಗಿನ ಗವರ್ನರ್ ಬಂದ ದಿನ ಟೋಪಿಯನ್ನೇ ಹಿಡಿದುಕೊಂಡು ಸಮುದ್ರಕ್ಕೆ ಬಿದ್ದ. ಜೆತ್ರೋ ಕಾಲರು ಹಿಡಿದು ಎಳೆದ. ಊರೆಲ್ಲ ನಕ್ಕಿತು, ದೊರೆಯೂ ನಕ್ಕ. ಕಳೆದ ತಿಂಗಳು ಜೆತ್ರೋ ಸತ್ತ. ಶವಪೆಟ್ಟಿಗೆಗೆ ಹಗ್ಗ ಹಾಕಿ ಗುಂಡಿಗೆ ಇಳಿಸುವ ಹೊತ್ತಿಗೆ ದೊರೆ ಓಡೋಡಿ ಬಂದ. ಗರಿಟೋಪಿಯನ್ನು ತೆಗೆದು ನನ್ನ ಕೈಗಿಟ್ಟು, "ಇದನ್ನ ಹಿಡ್ಕೊಳ್ಳಮ್ಮ, ನಾನು ಹಗ್ಗ ಹಿಡೀಬೇಕು" ಎಂದ.