ದೀವಳಿಗೆಯ ಬಾವಿ ಮತ್ತು ನನ್ನ ಬಲಗಿವಿ

ಹೊಸ ಅಳಿಯನಾಗಿ ಮಾವನ ಮನೆಯಲ್ಲಿ ಇರುವುದೂ ಒಂದು ನಮೂನೆಯ ಸೆರೆವಾಸವೇ. ಕೂಡು ಅಂದಲ್ಲಿ ಕೂಡಬೇಕು, ಬಡಿಸಿದಷ್ಟನ್ನೂ ತಿನ್ನಬೇಕು, ಒಲ್ಲೆ ಅನ್ನುವ ಹಾಗಿಲ್ಲ. ಎಪ್ಪತ್ತರ ದಶಕದ ನಡುಭಾಗ. ಲಗ್ನವಾದ ಮೇಲಿನ ಮೊದಲ ದೀವಳಿಗೆಗೆ ಹೆಂಡತಿಯೊಂದಿಗೆ ಮುದ್ದೇಬಿಹಾಳದಿಂದ ಹೊರಟು ಗೊಳಸಂಗಿಯಲ್ಲಿ ಬಸ್ಸಿಳಿದಾಗ ನನಗೆ ಕೆಟ್ಟ ನೆಗಡಿ. ಮೂಗು ಕಟ್ಟಿ, ತಲೆ ಕಲ್ಲಾಗಿತ್ತು.

ಮುದ್ದೇಬಿಹಾಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್. ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸಿಂದಗಿಗೂ ಇಂಡಿಗೂ ಟ್ರಂಕ್ ಕಾಲ್ ಜೋಡಿಸುವ ಕೆಲಸ. ಆದರೆ ಹಂಗಾಮಿ. ಹಬ್ಬ ಮುಗಿದ ಮೇಲೆ ಬಿಜಾಪುರದ ಡಾಕ್ಟರರು ಪರೀಕ್ಷೆ ಮಾಡಿ, ಎರಡೂ ಕಿವಿ ನೆಟ್ಟಗಿವೆ ಅಂದರಷ್ಟೇ ಕಾಯಂ. ಇದು ಬೀಗರಿಗೆ ಗೊತ್ತಿರಲಿಲ್ಲ. ಮಾತುಕತೆಯ ದಿನ ನಮ್ಮಪ್ಪ ನನ್ನನ್ನು ಒಂದು ಮಾತೂ ಕೇಳದೆ, ಹುಡುಗನ ನೌಕರಿ ಕಾಯಂ ಆಗಿದೆ ಎಂದು ಎದೆ ತಟ್ಟಿ ಹೇಳಿಬಿಟ್ಟಿದ್ದರು. ಆ ಮಾತಿನ ಮೇಲೆಯೇ ಹೆಣ್ಣು ಕೊಟ್ಟಿದ್ದಾರೆಂದು ನಾನು ನಂಬಿದ್ದೆ. ಹೆಂಡತಿಯ ಮುಂದೂ ಬಾಯಿ ಬಿಟ್ಟಿರಲಿಲ್ಲ.

ನಾವು ಹೋದ ದಿನವೇ ನೀರು ತುಂಬುವ ಹಬ್ಬ. ಬಚ್ಚಲ ಹಂಡೆ ತಿಕ್ಕಿ ತೊಳೆದು, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯಿಂದ ಸೇದಿ ತಂದ ಹೊಸ ನೀರು ತುಂಬಿ ಮರುದಿನದ ಸ್ನಾನಕ್ಕೆ ಅಣಿ ಮಾಡುವುದು. ಹೊತ್ತು ಇಳಿಯುವ ಮೊದಲು ಅತ್ತೆ ನೀರು ಸೇದಲು ಹೋದರೆ, ಹಗ್ಗದ ಕುಣಿಕೆ ಜಾರಿ ತಾಮ್ರದ ಕೊಡ ಬಾವಿಯ ತಳ ಸೇರಿತು. ಹಬ್ಬದ ಕೊಡ ಬಾವಿಯಲ್ಲಿ ಬಿಟ್ಟು ಒಲೆ ಹೊತ್ತಿಸುವುದು ಆ ಮನೆಯ ಪದ್ಧತಿಯಲ್ಲ. ಕೊಕ್ಕೆಗಳಿರುವ ಪಾತಾಳಗರಡಿ ಇಳಿಬಿಟ್ಟು ಜಾಲಾಡಿದರು. ಅದು ಕಲ್ಲಿಗೆ ಸಿಕ್ಕಿತೇ ಹೊರತು ಕೊಡಕ್ಕಲ್ಲ. ಆಗ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಭೀಮಾ ನದಿಯಲ್ಲಿ ಈಸಿ ಬೆಳೆದವರು, ಎಂಥ ಮಡುವಿನ ತಳವನ್ನೂ ಮುಟ್ಟಿ ಬರುತ್ತಾರೆ ಎಂದು ನನ್ನ ಹೆಂಡತಿ ಊರ ತುಂಬ ಹೊಗಳಿಟ್ಟಿದ್ದಳು!

ನೆಗಡಿಯಾಗಿದೆ ಅಂದೆ. ಮಾವ ನಕ್ಕರು. "ನೆಗಡಿಗೇನ್ರಿ, ನಾಳೆ ಬಿಸಿನೀರು ಎರದ್ರ ಹೋಗ್ತೈತಿ" ಅಂದರು. ಕಿವಿ ನೋಯುತ್ತದೆ ಅನ್ನಬಹುದಿತ್ತು. ಅಂದರೆ, ಕಿವಿಗೇಕೆ ಇಷ್ಟು ಹೆದರಿಕೆ ಎಂದು ಕೇಳುತ್ತಾರೆ. ಕೇಳಿದರೆ ಪರೀಕ್ಷೆಯ ಮಾತು ಬರುತ್ತದೆ, ಅದರ ಹಿಂದೆಯೇ ಹಂಗಾಮಿಯ ಮಾತು. ಅಪ್ಪನ ಮಾನವನ್ನು ಬೀಗರ ಅಂಗಳದಲ್ಲಿ ಹರಾಜು ಹಾಕಲಾರದೆ ಅಂಗಿ ಬಿಚ್ಚಿದೆ.

ಆಳಕ್ಕೆ ಮುಳುಗುವವರಿಗೆ ಒಂದು ಉಪಾಯ ಗೊತ್ತಿರುತ್ತದೆ. ಇಳಿದಂತೆಲ್ಲ ನೀರು ಕಿವಿಯನ್ನು ಒಳಕ್ಕೆ ಒತ್ತುತ್ತದೆ. ಆಗ ಮೂಗು ಹಿಡಿದು, ಬಾಯಿ ಮುಚ್ಚಿ, ಒಳಗಿನಿಂದ ಮೆಲ್ಲಗೆ ಊದಿದರೆ ಕಿವಿ ಟಪ್ ಎಂದು ಬಿಚ್ಚಿ ನೋವು ಇಳಿಯುತ್ತದೆ. ನೆಗಡಿಯಾದವನಿಗೆ ಆ ದಾರಿಯೇ ಮುಚ್ಚಿರುತ್ತದೆ. ಕೊಡಕ್ಕೆ ಕಟ್ಟಲು ಮೇಲಿನಿಂದ ಬಿಟ್ಟ ಹಗ್ಗದ ತುದಿ ಹಿಡಿದು ಇಳಿದೆ. ಎರಡಾಳುದ್ದ ಇಳಿಯುವುದರೊಳಗೆ ಬಲಗಿವಿಯಲ್ಲಿ ದಬ್ಬಣ ತಿರುವಿದ ಹಾಗಾಯಿತು. ಊದಿದೆ, ಬಿಚ್ಚಲಿಲ್ಲ. ಬರಿಗೈಲಿ ಮೇಲೆ ಬಂದೆ.

ಬಾವಿಯ ಸುತ್ತ ಬರೀ ಮುಖಗಳು. ಅಳಿಯದೇವರಿಗೆ ಹೊಳೆಯ ನೀರಷ್ಟೇ ಆಗಿಬರುತ್ತದೇನೋ ಎಂದು ಯಾರೋ ಕಾಲೆಳೆದರು. ಬಾವಿಯ ಮೆಟ್ಟಿಲಿಗೆ ಬಂದು ನಿಂತಿದ್ದ ಹೆಂಡತಿ ಮಾತ್ರ ಮೆಲ್ಲಗೆ, "ಬ್ಯಾಡ ಬಿಡ್ರಿ, ಮ್ಯಾಲ ಬರ್ರಿ" ಅಂದಳು. ಅವಳ ಮುಖ ಸಣ್ಣದಾಗಿತ್ತು. ಅದನ್ನು ನೋಡಲಾಗಲಿಲ್ಲ ನನಗೆ. ಅವಳ ಮೇಲೆ, ಅಪ್ಪನ ಮೇಲೆ, ಆ ದರಿದ್ರ ಕೊಡದ ಮೇಲೆ ಎಲ್ಲಿಲ್ಲದ ಸಿಟ್ಟು ಬಂದು ಮತ್ತೆ ಮುಳುಗಿದೆ.

ಈ ಸಲ ನೋವಿಗೆ ನಿಲ್ಲಲಿಲ್ಲ. ಕತ್ತಲಲ್ಲಿ ಕೆಸರು ಕೆದಕುವಾಗ ಕೊಡದ ಕಂಠ ಕೈಗೆ ಸಿಕ್ಕಿತು. ಹಗ್ಗ ಬಿಗಿದೆ, ಅಷ್ಟರಲ್ಲಿ ಕಿವಿಯೊಳಗೆ ಏನೋ ಪಟ್ಟನೆ ಹರಿಯಿತು. ತಣ್ಣೀರು ತಲೆಯೊಳಕ್ಕೇ ನುಗ್ಗಿದಂತಾಗಿ ಬಾವಿ ಗಿರ್ರನೆ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಕೈ ಚಾಚಿದಲ್ಲೆಲ್ಲ ಕಲ್ಲು. ಇಲ್ಲೇ ಸಾಯುತ್ತೇನೆ ಅನಿಸಿತು. ಹಗ್ಗವೊಂದು ಕೈಯಲ್ಲಿತ್ತು, ಅದನ್ನೇ ಹಿಡಿದು ಹತ್ತಿದೆ.

ನನ್ನ ಹಿಂದೆಯೇ ಹಗ್ಗ ಜಗ್ಗಿ ಕೊಡವನ್ನೂ ಎತ್ತಿದರು. ಮೇಲೆ ಚಪ್ಪಾಳೆ. ಅದು ಎಡಗಡೆಯಿಂದ ಮಾತ್ರ ಕೇಳಿಸಿತು. ಕಿವಿಯಿಂದಿಳಿದ ರಕ್ತವನ್ನು ಯಾರಿಗೂ ಕಾಣದಂತೆ ಟವೆಲಿನಲ್ಲಿ ಒರೆಸಿಕೊಂಡೆ.

ಮರುದಿನ ನಸುಕಿನಲ್ಲಿ ಅತ್ತೆ ಆರತಿ ಎತ್ತಿ, ನೆತ್ತಿಗೆ ಎಣ್ಣೆ ಒತ್ತಿ, ಪದ್ಧತಿಯಂತೆ ಎರಡೂ ಕಿವಿಗೆ ಬಿಸಿ ಎಣ್ಣೆ ಬಿಟ್ಟರು. ಬೇಡ ಎಂದು ಕೈ ಅಡ್ಡ ಹಿಡಿದರೆ, ಅಳಿಯನಿಗೆ ನಾಚಿಕೆ ಎಂದು ಹೆಂಗಸರು ನಕ್ಕರು. ಬಲಗಿವಿಯೊಳಗೆ ಬೆಂಕಿ ಇಳಿದಂತಾಯಿತು. ನಾನೂ ನಕ್ಕೆ. ನಗದೆ ಏನು ಮಾಡಲಿ? ಮುದ್ದೇಬಿಹಾಳಕ್ಕೆ ಮರಳುವಷ್ಟರಲ್ಲಿ ಕಿವಿ ಸೋರಲು ಹತ್ತಿತು.

ಬಿಜಾಪುರದ ಡಾಕ್ಟರರು ನನ್ನ ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಅಂಕಿ ಹೇಳಿದರು. ಎಡಕ್ಕೆ ಹೇಳಿದ್ದನ್ನೆಲ್ಲ ತಿರುಗಿ ಹೇಳಿದೆ. ಎಡಗಿವಿ ಮುಚ್ಚಿಸಿ ಬಲಕ್ಕೆ ಹೇಳಲು ಶುರುಮಾಡಿದ್ದೂ ತಿಳಿಯದೆ ಸುಮ್ಮನೆ ಕೂತಿದ್ದೆ. ಅಲ್ಲಿಗೆ ನೌಕರಿಯ ಕಥೆ ಮುಗಿಯಿತು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಅತ್ತಳು, ಆದರೆ ನೌಕರಿಗಾಗಿ ಅಲ್ಲ, ಕಿವಿಗಾಗಿ. ಆಮೇಲೆ ಒಬ್ಬನೇ ಗೊಳಸಂಗಿಗೆ ಹೋಗಿ, ಕಟ್ಟೆಯ ಮೇಲೆ ಮಾವನ ಪಕ್ಕ ಕೂತು, ಅಪ್ಪ ಆಡಿದ ಸುಳ್ಳಿನಿಂದ ಹಿಡಿದು ಬಾವಿಯವರೆಗೆ ಎಲ್ಲ ಬಿಚ್ಚಿಟ್ಟೆ.

ಮಾವ ನೆಲ ನೋಡುತ್ತ ಏನೋ ಅಂದರು. ನನಗೆ ಕೇಳಿಸಲಿಲ್ಲ. ಅವರು ನನ್ನ ಬಲಕ್ಕೆ ಕೂತಿದ್ದರು. ನಾನು ಎದ್ದು ಅವರ ಆಚೆಯ ಮಗ್ಗುಲಿಗೆ ಹೋಗಿ ಕೂತು, ಇನ್ನೊಮ್ಮೆ ಹೇಳಿ ಅಂದೆ.

"ನೌಕರಿ ಹಂಗಾಮಿ ಅಂತ ನಮಗ ಲಗ್ನಕ್ಕ ಮೊದಲ ಗೊತ್ತಿತ್ರಿ" ಅಂದರು. "ಹುಡುಗ ಛಲೋ ಅದಾನ ಅಂತ ಕೊಟ್ಟೇವಿ. ನಿಮ್ಮಪ್ಪನ ಮಾನ ಹೋಗಬಾರದು ಅಂತ ನಾವೂ ಸುಮ್ಮನಿದ್ವಿ."